ಪುಣೆಯ ಮಳೆಯಲ್ಲಿ ತಯಾರಿ, ಗೋವಾದ ಬಿಸಿಲಲ್ಲಿ ಪರೀಕ್ಷೆ: ನೌಕರಿ ಮಾಡುವವರಿಗೆ ಟ್ರಯಥ್ಲಾನ್ ಮಾರ್ಗದರ್ಶಿ

ಪುಣೆಯಲ್ಲಿರುವ ಕನ್ನಡಿಗರಿಗೆ ಟ್ರಯಥ್ಲಾನ್ (ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೊಂದು ಮುಗಿಸುವ ಪಂದ್ಯ) ಹುಚ್ಚು ಹತ್ತಿತೆಂದರೆ ಕಣ್ಣು ಮೊದಲು ಹೋಗುವುದು ಪಣಜಿಯ ಮಿರಾಮಾರ್ ಕಡಲತೀರದ ಕಡೆಗೆ. 2019ರ ಅಕ್ಟೋಬರ್‌ನಲ್ಲಿ ಅಲ್ಲಿ ಮೊದಲ ಸಲ ಐರನ್‌ಮ್ಯಾನ್ 70.3 ಗೋವಾ ಎಂಬ ಟ್ರಯಥ್ಲಾನ್ ನಡೆಯಿತು. ಪಂದ್ಯ ಬರುವುದು ಅಕ್ಟೋಬರ್ ಅಥವಾ ನವೆಂಬರ್‌ನಲ್ಲಿ. ಅಂದರೆ ತಯಾರಿಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಮುಗಿಯಬೇಕು. ತೊಡಕು ಇರುವುದೇ ಅಲ್ಲಿ. ಆ ನಾಲ್ಕು ತಿಂಗಳು ಸಮುದ್ರಕ್ಕೆ ಇಳಿಯುವ ಹಾಗಿಲ್ಲ, ಘಾಟ್ ರಸ್ತೆಗಳು ಜಾರುತ್ತವೆ, ಜುಲೈ-ಆಗಸ್ಟ್‌ನಲ್ಲಿ ಪುಣೆಯ ಹವೆ 27-28 ಡಿಗ್ರಿಯಲ್ಲಿ ತಣ್ಣಗಿರುತ್ತದೆ. ಪಂದ್ಯದ ದಿನವೋ ಉಪ್ಪುನೀರು, 32-33 ಡಿಗ್ರಿ ಬಿಸಿಲು, ಮೈಯಿಂದ ಬೆವರು ಆರದಂಥ ಸೆಖೆ. ಅಲ್ಲಿ ಅರ್ಧಕ್ಕೆ ನಿಲ್ಲುವ ಹೊಸಬರಲ್ಲಿ ಕಸುವಿಲ್ಲದೆ ನಿಲ್ಲುವವರು ಕಮ್ಮಿ. ಈ ಎರಡು ಹವೆಗಳ ನಡುವಿನ ವ್ಯತ್ಯಾಸಕ್ಕೆ ತಯಾರಾಗದೆ ನಿಲ್ಲುವವರೇ ಹೆಚ್ಚು. ಈ ಮಾರ್ಗದರ್ಶಿಯನ್ನು ಅದನ್ನೇ ಗಮನದಲ್ಲಿಟ್ಟು ಬರೆಯಲಾಗಿದೆ.

ಯಾವ ದೂರ ನಿಮ್ಮದು?

ಸ್ಪ್ರಿಂಟ್ ಎಂದರೆ 750 ಮೀ. ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ಒಲಿಂಪಿಕ್ ದೂರ ಇದರ ಇಮ್ಮಡಿ: 1.5, 40, 10. 2000ದ ಸಿಡ್ನಿ ಒಲಿಂಪಿಕ್ಸ್‌ನಿಂದ ನಡೆಯುತ್ತಿರುವುದು ಇದೇ. 70.3 ಎಂದರೆ 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ; ಮೂರನ್ನೂ ಮೈಲಿಯಲ್ಲಿ ಕೂಡಿದರೆ 70.3 ಬರುತ್ತದೆ.

ಇವತ್ತು ನಿಲ್ಲದೆ 5 ಕಿ.ಮೀ. ಓಡಲಾರಿರಾದರೆ ಈ ವರ್ಷ ಸ್ಪ್ರಿಂಟ್ ಸಾಕು. 10 ಕಿ.ಮೀ. ಓಡಬಲ್ಲಿರಿ, 40 ಕಿ.ಮೀ. ಸೈಕಲ್ ತುಳಿಯಬಲ್ಲಿರಿ, ಕೊಳದಲ್ಲಿ 400 ಮೀ. ಈಜಬಲ್ಲಿರಿ ಎಂದಾದರೆ 20 ವಾರದಲ್ಲಿ 70.3ಕ್ಕೆ ಸಿದ್ಧರಾಗಬಹುದು. ಈಜೇ ಬಾರದಿದ್ದರೆ ಒಂದು ವರ್ಷ ಮುಂದಕ್ಕೆ ಹಾಕಿ. ಇದರಲ್ಲಿ ರಿಯಾಯಿತಿ ಬೇಡ.

70.3ರಲ್ಲಿ ಈಜಿಗೆ ಸಾಮಾನ್ಯವಾಗಿ 1 ಗಂಟೆ 10 ನಿಮಿಷ, ಒಟ್ಟು ಪಂದ್ಯಕ್ಕೆ 8 ಗಂಟೆ 30 ನಿಮಿಷದ ಗಡುವು ಇರುತ್ತದೆ. ಆ ವರ್ಷದ ಸೂಚನಾಪತ್ರವನ್ನು ತಪ್ಪದೆ ಓದಿ. ಈಗ ಲೆಕ್ಕ ಹಾಕಿ ನೋಡೋಣ. 100 ಮೀಟರಿಗೆ 3 ನಿಮಿಷದಂತೆ ಈಜಿದರೆ 57 ನಿಮಿಷ. ಬಟ್ಟೆ-ಶೂ ಬದಲಿಸಲು 8. ಗಂಟೆಗೆ 22 ಕಿ.ಮೀ. ವೇಗದಲ್ಲಿ ಸೈಕಲ್ 4 ಗಂಟೆ 5 ನಿಮಿಷ. ಮತ್ತೊಂದು ಬದಲಾವಣೆಗೆ 5. ಕಿಲೋಮೀಟರಿಗೆ 8 ನಿಮಿಷದಂತೆ ಓಟ 2 ಗಂಟೆ 49 ನಿಮಿಷ. ಒಟ್ಟು 8 ಗಂಟೆ 4 ನಿಮಿಷ. ಯಾವುದರಲ್ಲೂ ವೇಗವಿಲ್ಲ, ಆದರೂ 26 ನಿಮಿಷ ಉಳಿಯಿತು. ಎರಡು ಪಂಕ್ಚರ್ ಆದರೆ ಅದೂ ಖಾಲಿ.

ಇಷ್ಟೆಲ್ಲ ಒದ್ದಾಡಿ ಸಿಗುವುದೇನು?

ಬರೀ ಓಡುವವರ ಮೊಣಕಾಲು, ಮೀನಖಂಡಗಳ ಮೇಲೆ ಬೀಳುವ ಏಟು ಇಲ್ಲಿ ಮೂರು ಪಾಲಾಗುತ್ತದೆ. ಹಾಗಾಗಿ ನಲವತ್ತು ದಾಟಿದವರೂ ವಾರಕ್ಕೆ ಏಳೆಂಟು ಗಂಟೆ ಶ್ರಮವನ್ನು ಗಾಯವಿಲ್ಲದೆ ತಾಳಿಕೊಳ್ಳುತ್ತಾರೆ. ಮೂರ್ನಾಲ್ಕು ತಿಂಗಳಲ್ಲಿ ಬೆಳಗಿನ ನಾಡಿಬಡಿತ ಇಳಿಯುತ್ತದೆ, ಅಂಚಿನಲ್ಲಿದ್ದ ರಕ್ತದೊತ್ತಡ ಮತ್ತು ಸಕ್ಕರೆ ಹಿಡಿತಕ್ಕೆ ಬರಲು ನೆರವಾಗುತ್ತದೆ, ನಿದ್ದೆ ಗಾಢವಾಗುತ್ತದೆ. ದಿನವಿಡೀ ಕಂಪ್ಯೂಟರ್ ಮುಂದೆ ಬಾಗಿದ ಹೆಗಲಿಗೆ ಈಜು ಕೊಡುವ ಬಿಡುಗಡೆಯನ್ನು ಬೇರೆ ವ್ಯಾಯಾಮ ಕೊಡುವುದು ಕಷ್ಟ.

ತೂಕ ಇಳಿಯುತ್ತದೆಂಬ ಖಾತರಿ ಮಾತ್ರ ಇಲ್ಲ. ಈಜು ಮುಗಿಸಿ ಬಂದವರ ಹಸಿವು ರಾಕ್ಷಸ ಹಸಿವು. ಉಡುಪಿ ಹೋಟೆಲಿನಲ್ಲಿ ಕೂತು ಎರಡು ಮಸಾಲೆ ದೋಸೆ ಇಳಿಸಿದರೆ ಕಳೆದದ್ದೆಲ್ಲ ವಾಪಸ್. ಇನ್ನು ಮನೆಯ ವಿಷಯ. ಐದು ತಿಂಗಳ ಶನಿವಾರ-ಭಾನುವಾರದ ಬೆಳಗುಗಳು ನಿಮ್ಮವಲ್ಲ. ಇದನ್ನು ಶುಲ್ಕ ಕಟ್ಟುವ ಮೊದಲೇ ಮನೆಯಲ್ಲಿ ಮಾತಾಡಿಕೊಳ್ಳಿ, ಕಟ್ಟಿದ ಮೇಲಲ್ಲ.

ಮೊದಲು ಡಾಕ್ಟರು, ಆಮೇಲೆ ಸೈಕಲ್ ಅಂಗಡಿ

ರಕ್ತದೊತ್ತಡ, ಇಸಿಜಿ, ಸಕ್ಕರೆ, ಹಿಮೋಗ್ಲೋಬಿನ್ ನೋಡಿಸಿ. ಸಸ್ಯಾಹಾರಿಗಳಾದರೆ ಬಿ12 ಸೇರಿಸಿ. ಹೆಂಗಸರು ಫೆರಿಟಿನ್ ಕೂಡ ನೋಡಿಸಿದರೆ ಒಳ್ಳೆಯದು. ಕಬ್ಬಿಣದಂಶ ಕಮ್ಮಿಯಿದ್ದರೆ ಎಷ್ಟು ತಾಲೀಮು ಮಾಡಿದರೂ ಸುಸ್ತು ಬಿಡುವುದಿಲ್ಲ. ನಲವತ್ತು ದಾಟಿದವರು, ಮನೆತನದಲ್ಲಿ ಹೃದಯದ ಕಾಯಿಲೆ ಇರುವವರು ಟ್ರೆಡ್‌ಮಿಲ್ ಪರೀಕ್ಷೆಯ ಬಗ್ಗೆ ಡಾಕ್ಟರನ್ನು ಕೇಳಿ.

ಎರಡೂವರೆ ಲಕ್ಷದ ಕಾರ್ಬನ್ ಸೈಕಲ್ ಮೊದಲು ಕೊಂಡು ಆಮೇಲೆ ತುಳಿಯಲು ಕಲಿಯುವುದು ಅಂಬಲಿ ಕುಡಿಯುವವನಿಗೆ ಮೀಸೆ ತಿಕ್ಕುವವನೊಬ್ಬ ಎಂಬಂತೆಯೇ. ಅಲ್ಯುಮಿನಿಯಂ ಚೌಕಟ್ಟಿನ ರೋಡ್ ಬೈಕ್, ಹೆಲ್ಮೆಟ್, ಒಳ್ಳೆಯ ಒಂದು ಜೊತೆ ಓಟದ ಶೂ, ನೀರು ನುಗ್ಗದ ಗಾಗಲ್, ಎದೆಗೆ ಕಟ್ಟುವ ನಾಡಿಮಾಪಕ. ಇಷ್ಟಕ್ಕೆ ದುಡ್ಡು ಹಾಕಿ. ಸ್ಪ್ರಿಂಟ್‌ಗಾದರೆ ಮನೆಯಲ್ಲಿರುವ ಹೈಬ್ರಿಡ್ ಸೈಕಲ್ಲೇ ಸಾಕು.

ಇಪ್ಪತ್ತು ವಾರದ ಹಂಚಿಕೆ

ಮೊದಲ 6 ವಾರ ಬರೀ ಅಡಿಪಾಯ: ವಾರಕ್ಕೆ 5-6 ಗಂಟೆ, ಎಲ್ಲವೂ ನಿಧಾನ. 7ರಿಂದ 14ನೇ ವಾರ 7-9 ಗಂಟೆ. ಏರು ಮತ್ತು ಸ್ವಲ್ಪ ವೇಗದ ಕೆಲಸ ಸೇರುತ್ತದೆ. 15ರಿಂದ 18ನೇ ವಾರ 9-10 ಗಂಟೆ. ಪಂದ್ಯದ ವೇಗ, ಪಂದ್ಯದ ಆಹಾರ, ಸೆಖೆಗೆ ಒಗ್ಗಿಕೊಳ್ಳುವ ಕೆಲಸದ ಶುರುವಾತು. ಕೊನೆಯ ಎರಡು ವಾರ ಇಳಿಕೆ. ಪ್ರತಿ ನಾಲ್ಕನೇ ವಾರ ಗಂಟೆಗಳನ್ನು ಮೂರನೇ ಒಂದು ಪಾಲು ಇಳಿಸಿ. ಮೈ ಗಟ್ಟಿಯಾಗುವುದು ಆ ವಾರದಲ್ಲೇ. ಅದನ್ನು ತಪ್ಪಿಸಿದವರಿಗೆ 11-12ನೇ ವಾರದ ಹೊತ್ತಿಗೆ ಹಿಮ್ಮಡಿಯ ನರವೋ ಮೊಣಕಾಲೋ ಹಿಡಿದುಕೊಳ್ಳುತ್ತದೆ.

ಒಂಬತ್ತನೇ ವಾರ ಸುಮಾರಾಗಿ ಹೀಗಿರಲಿ:

- ಸೋಮ: ವಿಶ್ರಾಂತಿ, ಬೇಕಿದ್ದರೆ 20 ನಿಮಿಷ ಪ್ಲಾಂಕ್, ಬ್ರಿಡ್ಜ್, ಒಂಟಿ ಕಾಲಲ್ಲಿ ಹಿಮ್ಮಡಿ ಎತ್ತುವುದು (15ರಂತೆ 3 ಸಲ)
- ಮಂಗಳ: ಈಜು 50 ನಿಮಿಷ
- ಬುಧ: ಸೈಕಲ್ 1 ಗಂಟೆ, ಅದರಲ್ಲಿ 6 ನಿಮಿಷದ 4 ಗಟ್ಟಿ ಸುತ್ತು
- ಗುರು: ಓಟ 50 ನಿಮಿಷ, ಏರು ಸೇರಿ
- ಶುಕ್ರ: ಈಜು 1 ಗಂಟೆ
- ಶನಿ: ಸೈಕಲ್ 3 ಗಂಟೆ, ಇಳಿದ ತಕ್ಷಣ 15 ನಿಮಿಷ ಓಟ
- ಭಾನು: ನಿಧಾನದ ಓಟ 80 ನಿಮಿಷ

ಒಟ್ಟು ಸುಮಾರು ಎಂಟೂವರೆ ಗಂಟೆ. ಹಿಂಜವಡಿಯ ಐಟಿ ಕಚೇರಿಗಳಿಂದ ಸಂಜೆ ಮನೆ ಮುಟ್ಟುವ ಹೊತ್ತು ಯಾರ ಕೈಯಲ್ಲೂ ಇಲ್ಲದ್ದರಿಂದ ಎಲ್ಲವನ್ನೂ ಬೆಳಿಗ್ಗೆ 5.30ಕ್ಕೆ ಇಟ್ಟುಕೊಳ್ಳಿ. ಒಂದು ದಿನ ತಪ್ಪಿದರೆ ತಪ್ಪಿತು. ಮರುದಿನಕ್ಕೆ ಸೇರಿಸಿ ಎರಡು ಪಟ್ಟು ಮಾಡಬೇಡಿ.

ನಿಧಾನ ಎಂದರೆ ಎಷ್ಟು? ಪೂರ್ತಿ ವಾಕ್ಯ ಮಾತಾಡುವಷ್ಟು. ಅಂಕಿ ಬೇಕೆಂದರೆ, 208ರಿಂದ ವಯಸ್ಸಿನ 0.7 ಪಾಲು ಕಳೆಯಿರಿ. 40 ವರ್ಷದವರಿಗೆ 180 ಬರುತ್ತದೆ. ಅದು ಅಂದಾಜಿನ ಗರಿಷ್ಠ ನಾಡಿಬಡಿತ. ಅದರ ನೂರಕ್ಕೆ 75ರೊಳಗೆ, ಅಂದರೆ 135ರೊಳಗೆ, ವಾರದ ಐದರಲ್ಲಿ ನಾಲ್ಕು ಪಾಲು ಇರಬೇಕು. ಮೊದಲ ತಿಂಗಳು ಇದು ನಾಚಿಕೆಯಾಗುವಷ್ಟು ನಿಧಾನ. ಪಕ್ಕದಲ್ಲಿ ವಾಕಿಂಗ್ ಹೋಗುವ ಅಜ್ಜ ಮುಂದೆ ಹೋದರೆ ಹೋಗಲಿ.

ಈಜು: ಊರ ಬಾವಿಯ ಅಭ್ಯಾಸ ಬಿಡಿಸುವುದು

ನಮ್ಮಲ್ಲಿ ಬಹಳ ಜನ ಈಜು ಕಲಿತದ್ದು ಊರ ಬಾವಿಯಲ್ಲೋ ಕೆರೆಯಲ್ಲೋ, ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು. ನೀರಿನ ಭಯವಿರುವುದಿಲ್ಲ, ಅದು ದೊಡ್ಡ ಆಸ್ತಿ. ಆದರೆ ತಲೆ ಸದಾ ನೀರಿನ ಮೇಲೆ. ತಲೆ ಎತ್ತಿದಷ್ಟೂ ಸೊಂಟ ಮುಳುಗುತ್ತದೆ, ಕಾಲು ಕೆಳಗಿಳಿದು ಎಳೆತ ಹೆಚ್ಚುತ್ತದೆ. 200 ಮೀಟರಿಗೇ ಏದುಸಿರು ಬರುವುದು ಇದರಿಂದ, ಎದೆಯಲ್ಲಿ ಕಸುವಿಲ್ಲದೆ ಅಲ್ಲ.

ತಿದ್ದುವುದು ಹೀಗೆ. ಮುಖ ನೀರಲ್ಲಿ, ನೋಟ ನೇರ ತಳಕ್ಕೆ. ಉಸಿರನ್ನು ನೀರೊಳಗೇ ಮೂಗು-ಬಾಯಿಯಿಂದ ನಿಧಾನವಾಗಿ, ಬಿಡದೆ ಗುಳ್ಳೆಯಾಗಿ ಬಿಡಿ. ಹೊಸಬರು ಉಸಿರು ಹಿಡಿದಿಟ್ಟುಕೊಂಡು, ಬಾಯಿ ಮೇಲೆ ಬಂದಾಗ ಬಿಡುವುದನ್ನೂ ಎಳೆಯುವುದನ್ನೂ ಒಟ್ಟಿಗೆ ಮಾಡಲು ಹೋಗುತ್ತಾರೆ. ಅಷ್ಟು ಹೊತ್ತು ಅಲ್ಲಿ ಸಿಗುವುದಿಲ್ಲ, ಗಾಬರಿ ಶುರು. ಉಸಿರು ತೆಗೆದುಕೊಳ್ಳುವಾಗ ತಲೆ ಎತ್ತಬೇಡಿ, ಮೈಯ ಜೊತೆ ಹೊರಳಿಸಿ. ಗಾಗಲ್‌ನ ಒಂದು ಗಾಜು ನೀರೊಳಗೇ ಉಳಿಯಬೇಕು. ಕೈ ಹೆಗಲ ನೇರಕ್ಕೆ ಇಳಿಯಲಿ. ತಲೆಯ ಮುಂದೆ ಅಡ್ಡ ದಾಟಿದರೆ ಮೈ ಹಾವಿನಂತೆ ಹೊರಳುತ್ತದೆ, ಹೆಗಲೂ ನೋಯುತ್ತದೆ. ಕಾಲು ಬಡಿತ ಸೊಂಟದಿಂದ, ಹಗುರವಾಗಿ. ಕಾಲನ್ನು ಸೈಕಲ್‌ಗೆ ಉಳಿಸಿಕೊಳ್ಳಬೇಕಲ್ಲ.

ಪುಣೆಯ ಕೊಳಗಳಲ್ಲಿ ಬ್ಯಾಚ್ ಎಂದರೆ ಮುಕ್ಕಾಲು ಗಂಟೆ, ಒಂದು ಗಂಟೆ. ಅದರಲ್ಲಿ ಈ ಪಾಠ ಕೂರುತ್ತದೆ: 200 ಮೀ. ನಿಧಾನ, 50 ಮೀಟರಿನ 4 ಸುತ್ತು ಬರೀ ತಂತ್ರಕ್ಕೆ, 100 ಮೀಟರಿನ 8 ಸುತ್ತು, ನಡುವೆ 20 ಸೆಕೆಂಡ್ ವಿರಾಮ, ಕೊನೆಗೆ 100 ನಿಧಾನ. ಒಟ್ಟು 1,300 ಮೀ. ಎಂಟೂ ಸುತ್ತಿನ ಸಮಯ ಒಂದೇ ಇರಬೇಕು. ಮೊದಲನೆಯದು 2.30, ಎಂಟನೆಯದು 3.10 ಆದರೆ ಮೊದಲನೆಯದು ತಪ್ಪು. 16ನೇ ವಾರದೊಳಗೆ ನಿಲ್ಲದೆ 2 ಕಿ.ಮೀ. ಬರಬೇಕು. 25 ಮೀಟರಿನ ಕೊಳದಲ್ಲಿ 80 ಸಲ ಅತ್ತಿಂದಿತ್ತ.

ಸಮುದ್ರದಲ್ಲಿ ಗೋಡೆಯಿಲ್ಲ, ತಳದಲ್ಲಿ ಕಪ್ಪು ಗೆರೆಯಿಲ್ಲ. ಮಿರಾಮಾರ್ ಇರುವುದು ಮಾಂಡೋವಿ ಕಡಲು ಸೇರುವ ಕಡೆ. ನೀರು ಕಲಕಿದ್ದು, ಚಾಚಿದ ನಿಮ್ಮ ಕೈಯೇ ನಿಮಗೆ ಕಾಣದಿರಬಹುದು. ಆದ್ದರಿಂದ ಕೊಳದಲ್ಲೇ ಎರಡು ಅಭ್ಯಾಸ: ಪ್ರತಿ 6-8 ಕೈಗೊಮ್ಮೆ ಮೊಸಳೆಯ ಹಾಗೆ ಕಣ್ಣಷ್ಟನ್ನೇ ಮೇಲೆತ್ತಿ ಗುರಿ ನೋಡಿ, ಕೂಡಲೇ ಮುಖ ಇಳಿಸುವುದು, ಲೇನ್ ಖಾಲಿಯಿದ್ದಾಗ ಕಣ್ಣು ಮುಚ್ಚಿ ಹತ್ತು ಕೈ ಈಜಿ, ಯಾವ ಕಡೆಗೆ ವಾಲುತ್ತೀರೆಂದು ತಿಳಿಯುವುದು. ಮಳೆ ಹಿಂದೆ ಸರಿದ ಮೇಲೆ, ಪಂದ್ಯಕ್ಕೆ ಮುಂಚೆ ಎರಡು ಸಲವಾದರೂ ಗೋವಾದಲ್ಲಿ ಸಮುದ್ರಕ್ಕಿಳಿಯಿರಿ: ಬೆಳಿಗ್ಗೆ, ಜೊತೆಗಾರರೊಂದಿಗೆ, ಸೊಂಟಕ್ಕೆ ಕಟ್ಟುವ ಬಣ್ಣದ ತೇಲುಚೀಲದೊಂದಿಗೆ, ಜೀವರಕ್ಷಕರನ್ನು ಕೇಳಿಕೊಂಡು. ಕೆಂಪು ಬಾವುಟ ಇದ್ದರೆ ಹಿಂದಿರುಗಿ. ಉಪ್ಪುನೀರು ಮೈಯನ್ನು ಚೆನ್ನಾಗಿ ತೇಲಿಸುತ್ತದೆ, ಆದರೆ ಕತ್ತಿನ ಹಿಂಭಾಗ, ಕಂಕುಳು ಉಜ್ಜಿ ಹುಣ್ಣಾಗುತ್ತವೆ. ವ್ಯಾಸಲೀನ್ ಹಚ್ಚಿ, ಆ ಕೈ ಗಾಗಲ್‌ಗೆ ತಾಗದಿರಲಿ. ಬೆಚ್ಚಗಿನ ನೀರು, ವೆಟ್‌ಸೂಟ್ ಬೇಕಿಲ್ಲ.

ಹತ್ತಿರವಿದೆಯೆಂದು ಖಡಕವಾಸ್ಲಾ ಜಲಾಶಯಕ್ಕೆ ಇಳಿಯಬೇಡಿ. ಅದು ಊರಿಗೆ ಕುಡಿಯುವ ನೀರು, ತಳದಲ್ಲಿ ಕೆಸರು, ಮುಳುಗಿದರೆ ಎತ್ತುವವರಿಲ್ಲ.

ಸೈಕಲ್: ಮಳೆ, ಗಾಜಿನ ಚೂರು, ಸೀಟಿನ ಎತ್ತರ

ಮೊದಲು ಸೀಟು. ಬರಿಗಾಲಲ್ಲಿ ಗೋಡೆಗೆ ಒರಗಿ ನಿಂತು, ತೊಡೆಸಂದಿಗೆ ಪುಸ್ತಕ ಒತ್ತಿ ನೆಲದಿಂದ ಅಳೆಯಿರಿ. ಆ ಅಳತೆಯನ್ನು 0.883ರಿಂದ ಗುಣಿಸಿ. 80 ಸೆಂ.ಮೀ. ಇದ್ದರೆ ಸುಮಾರು 70.6. ಪೆಡಲ್ ತಿರುಗುವ ನಡು ಅಚ್ಚಿನಿಂದ ಸೀಟಿನ ಮೇಲ್ಭಾಗಕ್ಕೆ ಅಷ್ಟು ಎತ್ತರ. ಇದು ಶುರು ಮಾಡುವ ಜಾಗ ಅಷ್ಟೆ. ಮೊಣಕಾಲಿನ ಮುಂಭಾಗ ನೋಯತೊಡಗಿದರೆ ಸೀಟು ತಗ್ಗಾಗಿರಬಹುದು. ಹಿಂಭಾಗ ನೋಯುತ್ತಿದ್ದರೆ, ಹಿಂದಿನಿಂದ ನೋಡುವವರಿಗೆ ಸೊಂಟ ಅತ್ತಿತ್ತ ತೂಗುವುದು ಕಂಡರೆ, ಎತ್ತರವಾಯಿತು. ಒಮ್ಮೆಗೆ 3-4 ಮಿ.ಮೀ. ಮಾತ್ರ ಬದಲಿಸಿ. ಅಂಗೈ ಜೋಮು ಹಿಡಿದರೆ ಸೀಟಿನ ಮೂತಿ ಕೆಳಗೆ ಬಾಗಿದೆಯೇ ನೋಡಿ. ಮೈಭಾರವೆಲ್ಲ ಕೈಗೆ ಜಾರುತ್ತಿರುತ್ತದೆ.

ನಿಮಿಷಕ್ಕೆ 80-90 ಸುತ್ತು ತುಳಿಯುವುದು ರೂಢಿಯಾಗಲಿ. ಭಾರದ ಗೇರಿನಲ್ಲಿ 60 ಸುತ್ತು ತುಳಿದವರ ತೊಡೆ ಓಟಕ್ಕೆ ಉಳಿಯುವುದಿಲ್ಲ. ವಾರದ ಸವಾರಿಗೆ ಪಾಷಾಣ-ಸೂಸ್ ರಸ್ತೆ, ಏರಿಗೆ ಬೋಪದೇವ್ ಘಾಟ್, ಕಾತ್ರಜ್ ಕಡೆ ಹೋಗುವುದು ರೂಢಿ. ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಸೈಕಲ್‌ಗೆ ಪ್ರವೇಶವಿಲ್ಲ.

ಜುಲೈ-ಆಗಸ್ಟ್‌ನಲ್ಲಿ ಇಳಿಜಾರಿನಲ್ಲಿ ಗಳಿಸುವುದೇನೂ ಇಲ್ಲ, ಬಿದ್ದರೆ ಕೊರಳೆಲುಬು ಮುರಿದು ಆ ವರ್ಷವೇ ಮುಗಿಯುತ್ತದೆ. ಗಟ್ಟಿ ಸುತ್ತುಗಳನ್ನು ಮನೆಯೊಳಗೆ ಟ್ರೇನರ್ (ಸೈಕಲ್ ಕೂರಿಸಿ ನಿಂತಲ್ಲೇ ತುಳಿಯುವ ಸ್ಟ್ಯಾಂಡ್) ಮೇಲೆ ಮಾಡಿ. ಮಳೆಯಲ್ಲಿ ಹೋಗಲೇಬೇಕಾದರೆ ಟೈರಿನ ಗಾಳಿಯನ್ನು 5-10 ಪಿಎಸ್‌ಐ ಇಳಿಸಿ, ರಸ್ತೆಯ ಬಿಳಿ ಪಟ್ಟಿ ಮತ್ತು ಕಬ್ಬಿಣದ ಮುಚ್ಚಳಗಳ ಮೇಲೆ ತಿರುಗಿಸಬೇಡಿ, ಬ್ರೇಕ್ ಮೊದಲೇ ಹಿಡಿಯಿರಿ. ಬಂದ ಕೂಡಲೇ ಚೈನ್ ಒರೆಸಿ, ಒಣಗಿಸಿ, ಎಣ್ಣೆ ಬಿಡಿ; ಹತ್ತು ನಿಮಿಷದ ಕೆಲಸ. ಬಿಟ್ಟರೆ ಮರಳು-ಕೆಸರು ಅರೆದು ಚೈನ್ ಸವೆದು ಹಿಗ್ಗುತ್ತದೆ, ಆಮೇಲೆ ಹಿಂದಿನ ಹಲ್ಲುಚಕ್ರಗಳನ್ನೂ ತಿನ್ನುತ್ತದೆ. ರಿಮ್ ಬ್ರೇಕಿನ ರಬ್ಬರ್ ಒಂದೇ ಮಳೆಗಾಲದಲ್ಲಿ ಕರಗಿಹೋಗುವುದುಂಟು.

ಪಂಕ್ಚರ್ ಹಾಕುವುದನ್ನು ಮನೆಯಲ್ಲಿ ಹಿಂದಿನ ಚಕ್ರದ ಮೇಲೇ ಕಲಿಯಿರಿ. ಚೈನ್ ಅತಿ ಸಣ್ಣ ಹಲ್ಲಿಗೆ ತಂದು ಚಕ್ರ ಬಿಚ್ಚಿ, ಲಿವರ್‌ನಿಂದ ಟೈರಿನ ಒಂದು ಅಂಚು ಎಬ್ಬಿಸಿ, ಹಳೆ ಟ್ಯೂಬ್ ಎಳೆಯಿರಿ. ಈಗ ಅವಸರ ಬೇಡ: ಟೈರಿನ ಒಳಮೈಯನ್ನು ಬೆರಳ ತುದಿಯಿಂದ ಮೆಲ್ಲಗೆ ಪೂರ್ತಿ ಒಂದು ಸುತ್ತು ಸವರಿ. ಕೂದಲಿನಷ್ಟು ತೆಳ್ಳಗಿನ ತಂತಿ, ಲಾರಿ ಟೈರಿನಿಂದ ಉದುರಿದ್ದು, ಅಲ್ಲೇ ಚುಚ್ಚಿಕೊಂಡಿರುತ್ತದೆ. ಅದನ್ನು ತೆಗೆಯದೆ ಹೊಸ ಟ್ಯೂಬ್ ಹಾಕಿದರೆ ಎರಡು ಕಿಲೋಮೀಟರಿಗೆ ಅದೂ ಹೋಯಿತು. ಹೊಸ ಟ್ಯೂಬಿಗೆ ಮೊದಲು ಸ್ವಲ್ಪವೇ ಗಾಳಿ ತುಂಬಿ ಕೂರಿಸಿ, ಟೈರ್ ಅಂಚನ್ನು ಕೈಯಿಂದಲೇ ಒಳಗೆ ತಳ್ಳಿ. ಲಿವರ್ ಬಳಸಿದರೆ ಟ್ಯೂಬ್ ನಡುವೆ ಸಿಕ್ಕಿ ಕತ್ತರಿಸುತ್ತದೆ. 12 ನಿಮಿಷದೊಳಗೆ ಮುಗಿಸುವಂತಾಗಬೇಕು.

ಓಟ

ಓಟದ ಬಗ್ಗೆ ಹೇಳುವುದು ಕಮ್ಮಿ, ಏಕೆಂದರೆ ಎಲ್ಲರೂ ಬೇಕಾದ್ದಕ್ಕಿಂತ ಹೆಚ್ಚೇ ಓಡುತ್ತಾರೆ. ವಾರಕ್ಕೆ ಮೂರು ಸಲ ಸಾಕು, ಅದರಲ್ಲಿ ಒಂದು ಸೈಕಲ್ ಇಳಿದ ತಕ್ಷಣದ್ದು. ಇದಕ್ಕೆ ಬ್ರಿಕ್ ಎನ್ನುತ್ತಾರೆ. ಮೊದಲ ಹತ್ತು ನಿಮಿಷ ಕಾಲು ಬೇರೆ ಯಾರದೋ ಅನ್ನಿಸುತ್ತದೆ, ಹೆಜ್ಜೆ ಚಿಕ್ಕದಾಗಿಟ್ಟರೆ ತಾನೇ ಬಿಡುತ್ತದೆ. ವೇತಾಳ ಟೇಕಡಿ, ತಳಜಾಯಿ ಗುಡ್ಡಗಳ ಮಣ್ಣಿನ ದಾರಿ ಕಾಲಿಗೆ ಮೃದು, ಮಳೆಯಲ್ಲಿ ಮಾತ್ರ ಜಾರು. ಆಗ ಪುಣೆ ವಿಶ್ವವಿದ್ಯಾಲಯದ ಆವರಣದ ಕಡೆ ಹೋಗಿ. ಅತಿ ದೀರ್ಘ ಓಟ 18 ಕಿ.ಮೀ. ಸಾಕು. ಶೂ 500-800 ಕಿ.ಮೀ.ಗೆ ಸಾಯುತ್ತದೆ, ನೋಡಲು ಹೊಸದರಂತಿದ್ದರೂ.

ಸೆಖೆಗೆ ಮೈ ಒಗ್ಗಿಸುವುದು

ಮೈ ಸೆಖೆಗೆ ಒಗ್ಗಲು 10ರಿಂದ 14 ದಿನ ಬೇಕು. ಆಗ ರಕ್ತದ ದ್ರವಾಂಶ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಅದರಲ್ಲಿ ಉಪ್ಪು ಕಮ್ಮಿಯಾಗುತ್ತದೆ. ಒಗ್ಗಿದ್ದು ಬಿಟ್ಟರೆ ಕೆಲವೇ ವಾರದಲ್ಲಿ ಕರಗುತ್ತದೆ, ಹಾಗಾಗಿ ಆಗಸ್ಟ್‌ನಲ್ಲಿ ಮಾಡಿ ಪ್ರಯೋಜನವಿಲ್ಲ. ಪಂದ್ಯಕ್ಕೆ ಹದಿನೈದು-ಹದಿನಾರು ದಿನ ಇರುವಾಗ ಶುರು ಮಾಡಿ, ಮೂರು ದಿನ ಮುಂಚೆ ನಿಲ್ಲಿಸಿ. ಒಟ್ಟು ಹತ್ತು ಸಲ: ಟ್ರೇನರ್ ಮೇಲೆ ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ತುಂಬುತೋಳಿನ ಅಂಗಿ ತೊಟ್ಟು 45-60 ನಿಮಿಷ ಹಗುರ ತುಳಿತ. ಮಹಾರಾಷ್ಟ್ರದವರು ‘ಅಕ್ಟೋಬರ್ ಹೀಟ್’ ಎಂದು ಗೊಣಗುವ ಬಿಸಿಲು ಆ ಹೊತ್ತಿಗೆ ಬಂದಿದ್ದರೆ ಮಧ್ಯಾಹ್ನ 40 ನಿಮಿಷ ನಿಧಾನ ಓಡಿದರೂ ಆಯಿತು. ಆ ದಿನಗಳಲ್ಲಿ ವೇಗದ ಕೆಲಸ ಬೇಡ. ಒಬ್ಬರೇ ಇದ್ದಾಗ ಮಾಡಬೇಡಿ. ತಲೆ ಸುತ್ತಿದರೆ, ಸೆಖೆಯಲ್ಲೂ ಚಳಿ ಎನಿಸಿದರೆ, ಮಾತು ತೊದಲಿದರೆ ಅಲ್ಲಿಗೇ ನಿಲ್ಲಿಸಿ ಮೈಗೆ ತಣ್ಣೀರು ಸುರಿದುಕೊಳ್ಳಿ.

ನೀರು, ಉಪ್ಪು, ಸಕ್ಕರೆ

ಎಷ್ಟು ಬೆವರುತ್ತೀರಿ ಎಂದು ಅಳೆಯಿರಿ. ಬಟ್ಟೆ ಕಳಚಿ ತೂಕ ನೋಡಿ, ಸೆಖೆಯಲ್ಲಿ ಒಂದು ಗಂಟೆ ಓಡಿ, ಮೈ ಒರೆಸಿ ಮತ್ತೆ ನೋಡಿ. 900 ಗ್ರಾಂ ಇಳಿದು, ನಡುವೆ 300 ಮಿ.ಲೀ. ಕುಡಿದಿದ್ದರೆ ಬೆವರು 1.2 ಲೀಟರ್. ಅಷ್ಟನ್ನೂ ತುಂಬಬೇಕಿಲ್ಲ, ಹೊಟ್ಟೆಯೂ ತಾಳದು. ಗಂಟೆಗೆ 600-800 ಮಿ.ಲೀ. ಬಹಳ ಜನಕ್ಕೆ ಒಗ್ಗುತ್ತದೆ. ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಕುಸಿದು ವಾಂತಿ, ಗೊಂದಲ ಬರಬಹುದು. ಅದು ನೀರಡಿಕೆಗಿಂತ ಅಪಾಯ.

ಓಆರ್‌ಎಸ್ ಪೊಟ್ಟಣವನ್ನು ಶಕ್ತಿಪಾನೀಯ ಎಂದುಕೊಳ್ಳುವ ತಪ್ಪು ಬಹಳ ಕಾಣುತ್ತದೆ. ಲೀಟರಿಗೆ 13.5 ಗ್ರಾಂ ಗ್ಲೂಕೋಸ್ ಇರುವ ಅದು ಉಪ್ಪಿಗೆ ಸರಿ, ಹೊಟ್ಟೆಗೆ ಸಾಲದು. ಸೈಕಲ್ ಮೇಲೆ ಗಂಟೆಗೆ 50-60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. 750 ಮಿ.ಲೀ. ಬಾಟಲಿಗೆ 40 ಗ್ರಾಂ ಸಕ್ಕರೆ, ಕಾಲು ಟೀ ಚಮಚ ಉಪ್ಪು, ಅರ್ಧ ನಿಂಬೆ. ಜೊತೆಗೆ ಗಂಟೆಗೊಂದು ಬಾಳೆಹಣ್ಣು ಅಥವಾ ಬೀಜ ತೆಗೆದ ಮೂರು ಖರ್ಜೂರ. ಶೇಂಗಾ ಚಿಕ್ಕಿಯಲ್ಲಿ ಕೊಬ್ಬು ಹೆಚ್ಚು, ಹೊಟ್ಟೆಯಲ್ಲಿ ಕೂತುಬಿಡುತ್ತದೆ. ಹಸಿವಾಗಲೆಂದು ಕಾಯಬೇಡಿ, ಗಡಿಯಾರದಲ್ಲಿ 20 ನಿಮಿಷಕ್ಕೊಮ್ಮೆ ಅಲಾರಂ ಇಡಿ. ಓಟದಲ್ಲಿ ಗಂಟೆಗೆ 30-40 ಗ್ರಾಂ ಸಾಕು. ಇದನ್ನೆಲ್ಲ ಕಡೇಪಕ್ಷ ಆರು ಶನಿವಾರ ತಿಂದು-ಕುಡಿದು ನೋಡಿರಬೇಕು.

ಪಂದ್ಯದ ವಾರ

ಪುಣೆಯಿಂದ ರಸ್ತೆಯಲ್ಲಿ ಸುಮಾರು 450 ಕಿ.ಮೀ. ಬೆಳಗಾವಿ ಮೇಲೆ ಚೋರ್ಲಾ ಘಾಟಿನಲ್ಲಿ ಇಳಿದರೆ ನೆಂಟರ ಮನೆಯ ಊಟವೂ ಆಗುತ್ತದೆ. ಹೋಗುವಾಗ ಬೇಡ, ಬರುವಾಗ ಇಟ್ಟುಕೊಳ್ಳಿ. ಎರಡು ದಿನ ಮುಂಚೆ ತಲುಪಿ, ಸೈಕಲ್ ಜೋಡಿಸಿ 20 ನಿಮಿಷ ತುಳಿದು ಎಲ್ಲ ಗೇರು ನೋಡಿ. ಹಿಂದಿನ ರಾತ್ರಿ ಅನ್ನ-ಸಾರು, ಮೊಸರನ್ನ. ಕಾಳು ಪಲ್ಯ, ಹಸಿ ಕೋಸಂಬರಿ, ಗೋವಾದ ಸಿಗಡಿ ಎಲ್ಲ ಪಂದ್ಯದ ನಂತರ. ಬೆಳಗಿನ ನಾಲ್ಕಕ್ಕೆ ಯಾವ ಹೋಟೆಲೂ ತೆರೆದಿರದು. ಅವಲಕ್ಕಿಯೋ ಬ್ರೆಡ್-ಜಾಮೋ ಜೊತೆಗಿರಲಿ, ಪಂದ್ಯಕ್ಕೆ ಎರಡೂವರೆ ಗಂಟೆ ಮೊದಲು ತಿನ್ನಿ.

ನೀರಿಗಿಳಿಯುವಾಗ ಗುಂಪಿನ ಅಂಚಿನಲ್ಲಿ, ಹಿಂದೆ ನಿಲ್ಲಿ. ಮೊದಲ 200 ಮೀ. ಬೇಕೆಂದೇ ನಿಧಾನ. ಯಾರೋ ಒದ್ದರು, ಎದೆ ಬಿಗಿಯಿತು ಎಂದರೆ ಮಲಗಿ ತೇಲಿ, ಹತ್ತು ಉಸಿರು ಎಣಿಸಿ. ದೋಣಿ ಹಿಡಿದು ನಿಲ್ಲುವುದಕ್ಕೆ ಅಡ್ಡಿಯಿಲ್ಲ, ಅದು ನಿಮ್ಮನ್ನು ಮುಂದಕ್ಕೆ ಎಳೆಯಬಾರದಷ್ಟೆ. ಸೈಕಲ್ ಮುಟ್ಟುವ ಮೊದಲು ಹೆಲ್ಮೆಟ್ ಬಕಲ್ ಹಾಕಿರಬೇಕು. ಮುಂದಿನವರಿಂದ 12 ಮೀ. ದೂರ ಇರಬೇಕು. ಎರಡರಲ್ಲಿ ಯಾವುದು ತಪ್ಪಿದರೂ ದಂಡ. ಸೈಕಲ್‌ನ ಮೊದಲ ಅರ್ಧ ಗಂಟೆ ಕಸುವು ಉಳಿಸಿಕೊಂಡು ತುಳಿಯಿರಿ. ಓಟದ ಮೊದಲ 3 ಕಿ.ಮೀ. ಅಭ್ಯಾಸದ ವೇಗಕ್ಕಿಂತ ಕಿಲೋಮೀಟರಿಗೆ 30-45 ಸೆಕೆಂಡ್ ನಿಧಾನ, ಪ್ರತಿ ನೀರಿನ ಕಟ್ಟೆಯಲ್ಲಿ ನಡೆಯಿರಿ: ಒಂದು ಲೋಟ ಬಾಯಿಗೆ, ಒಂದು ತಲೆಗೆ, ಐಸ್ ಸಿಕ್ಕರೆ ಟೋಪಿಯೊಳಗೆ.

ಮುಗಿದ ಮೇಲೆ ಹತ್ತು ದಿನ ಓಟವಿಲ್ಲ. ಈಜು, ಹಗುರ ಸೈಕಲ್ ಸರಿ. ಸೈಕಲ್ಲಿಗೆ ಮಾತ್ರ ಅಂದೇ ಸಂಜೆ ಕೆಲಸವಿದೆ. ಬೆವರು, ಕಡಲಗಾಳಿ, ಸಕ್ಕರೆ ನೀರು ಎಲ್ಲ ಸೇರಿ ಹ್ಯಾಂಡಲ್ ಬೇರಿಂಗ್, ಬಾಟಲಿ ಸ್ಕ್ರೂಗಳು ತುಕ್ಕು ಹಿಡಿಯುತ್ತವೆ. ಬಕೆಟ್ ಸಿಹಿನೀರಲ್ಲಿ ತೊಳೆದು, ಒರೆಸಿ, ಚೈನಿಗೆ ಎಣ್ಣೆ ಬಿಟ್ಟು ಆಮೇಲೆ ಪ್ಯಾಕ್ ಮಾಡಿ.